ಲಿತ್ ಪ್ರಿಂಟಿಗೆ ಫೋಮಾಟೋನ್ 131: ಗ್ರೇನ್ ನೋಡಿ ಮನಸೋತ ಪೇಪರ್

ಲಿತ್ ಪ್ರಿಂಟ್ ಅಂದರೆ ಡಾರ್ಕ್‌ರೂಮಿನಲ್ಲಿ ಫೋಟೋ ಪೇಪರಿಗೆ ಬೆಳಕು ಜಾಸ್ತಿ ಕೊಟ್ಟು, ತೆಳು ಡೆವಲಪರಿನಲ್ಲಿ (ಚಿತ್ರ ಮೂಡಿಸುವ ದ್ರಾವಣ) ನಿಧಾನವಾಗಿ ಮೂಡಿಸುವ ಚಿತ್ರ. ಒಂದೇ ನೆಗೆಟಿವ್, ಒಂದೇ ಡೆವಲಪರ್, ಎರಡು ಪೇಪರ್. ಒಂದರಲ್ಲಿ ಮಂಜು ಮಂಜಾಗಿಯೇ ಬಂತು. ಇನ್ನೊಂದರಲ್ಲಿ ಮಂಜಿನ ಮೇಲೆ ಯಾರೋ ಮರಳು ಎರಚಿದ ಹಾಗಿತ್ತು. ಈ ಮರಳಿನಂಥ ಕಣವೇ ಗ್ರೇನ್.

ಮಂಜಾಗಿಯೇ ಬಂದದ್ದು ಫೋಮಾ ಕಂಪನಿಯ ಫೋಮಾಟೋನ್ ಎಂಜಿ ಕ್ಲಾಸಿಕ್ 131. ಇನ್ನೊಂದು ನನ್ನ ಹತ್ತಿರವಿದ್ದ ಕೋಲ್ಡ್ ಟೋನ್ (ತಣ್ಣನೆಯ ಬಣ್ಣ ಕೊಡುವ) ಬ್ರೋಮೈಡ್ ಪೇಪರ್. ಡೆವಲಪರ್ ಮೋಯರ್ಶ್ ಕಂಪನಿಯ ಈಜಿಲಿತ್. ಅದರ ಎ, ಬಿ ದ್ರಾವಣ ಎರಡೂ 20 ಎಂ.ಎಲ್., ನೀರು 1 ಲೀಟರ್. ಎಕ್ಸ್‌ಪೋಷರ್ ಮಾಮೂಲಿಗಿಂತ ಮೂರು ಸ್ಟಾಪ್ ಜಾಸ್ತಿ, ಅಂದರೆ ಎಂಟು ಪಟ್ಟು ಬೆಳಕು ಕೊಟ್ಟೆ.

ಮೊದಲ ಕೆಲವು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ತೆಳು ಕಂದು ಚಿತ್ರ. ಎಲ್ಲೋ ಒಂದು ಮೂಲೆಯಲ್ಲಿ ಕಪ್ಪು ಶುರುವಾದರೆ ಮುಗಿಯಿತು, ಅದರ ಬೆನ್ನಿಗೇ ಉಳಿದ ಕಪ್ಪು ಜಾಗಗಳೂ ಓಡುತ್ತವೆ. ಈ ಡೆವಲಪರಿನಲ್ಲಿ ಆ ಓಟಕ್ಕೆ ಕಡಿವಾಣ ಹಾಕುವ ಸಲ್ಫೈಟ್ ತುಂಬಾ ಕಡಿಮೆ. ಹಾಗಾಗಿ ಚಿತ್ರ ಮೂಡಿಸುವ ರಾಸಾಯನಿಕವಾದ ಹೈಡ್ರೋಕ್ವಿನೋನ್ ಕೆಲಸ ಮಾಡುವಾಗ ಹುಟ್ಟುವ ವಸ್ತುಗಳೇ ಪಕ್ಕದ ಬೆಳ್ಳಿಯನ್ನೂ ಕೆರಳಿಸುತ್ತವೆ. ನಾನು ಕಾದು ನಿಂತದ್ದು ಬಂಡೆಯ ಸಂದಿಯ ಕಪ್ಪಿಗೆ. ಅದು ತುಂಬಿದ ಕೂಡಲೇ ಪೇಪರ್ ಎತ್ತಿ, ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್‌ಗೆ ಹಾಕಿದೆ.

ಒಣಗಿದ ಮೇಲೆ ಲೂಪ್ (ಭೂತಗನ್ನಡಿ) ಇಟ್ಟು ನೋಡಿದೆ. ಫೋಮಾಟೋನ್‌ನ ಬೆಳಕಿನ ಜಾಗದಲ್ಲಿ ಚುಕ್ಕೆಯೇ ಸಿಗಲಿಲ್ಲ, ಬರೀ ಪೀಚ್ ಬಣ್ಣದ ನುಣುಪು. ಬೆಳ್ಳಿಯ ಕಣ ಅಷ್ಟು ಸಣ್ಣದಾಗಿ ಉಳಿದಿದೆ, ಅದಕ್ಕೇ ಆ ಬಣ್ಣ ಕೂಡ. ಕಪ್ಪಿನ ಅಂಚಿಗೆ ಬಂದಾಗ ಮಾತ್ರ ಗ್ರೇನ್ ಏಳುತ್ತದೆ. ಆ ಬದಲಾವಣೆ ಎಷ್ಟು ಚೆನ್ನಾಗಿದೆ ಅಂದರೆ, ನಾನು ತುಂಬಾ ಹೊತ್ತು ಅಲ್ಲೇ ನೋಡುತ್ತಾ ಕೂತೆ. ಕೋಲ್ಡ್ ಟೋನ್ ಪೇಪರಿನಲ್ಲಿ ನಡುವಿನ ಬೂದು ಪೂರ್ತಿ ಉಪ್ಪು-ಮೆಣಸು. ಬಣ್ಣವೂ ತೀರಾ ಕಡಿಮೆ. ಡೆವಲಪರ್ ಹಳತಾಗಿ ಹೀಗಾಯಿತೇನೋ ಅಂತ ಅದೇ ಟ್ರೇಯಲ್ಲಿ ಇನ್ನೊಂದು ಫೋಮಾಟೋನ್ ಹಾಕಿ ನೋಡಿದೆ. ಬಣ್ಣ ಇನ್ನಷ್ಟು ಬೆಚ್ಚಗಾಯಿತು, ನುಣುಪು ಹಾಗೇ ಇತ್ತು. ಅಂದರೆ ವ್ಯತ್ಯಾಸ ಪೇಪರಿನದ್ದೇ.

ಮೂರು ವಿಷಯ ಗಮನದಲ್ಲಿರಲಿ. ಈ ಪೇಪರಿಗೆ ಬೆಳಕು ಜಾಸ್ತಿ ಬೇಕು, ಎನ್‌ಲಾರ್ಜರ್ (ನೆಗೆಟಿವನ್ನು ಪೇಪರಿನ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಮುಂದೆ ತಾಳ್ಮೆ ಬೇಕು. ಡಾರ್ಕ್‌ರೂಮಿನ ದೀಪ, ಅಂದರೆ ಸೇಫ್‌ಲೈಟ್, ಕೆಂಪೇ ಇರಲಿ. ಇನ್ನು ಬಿಳಿ ಜಾಗದಲ್ಲಿ ಕರಿ ಚುಕ್ಕೆ ಎದ್ದರೆ ಅದನ್ನು ಗ್ರೇನ್ ಅಂದುಕೊಳ್ಳಬೇಡಿ. ಅದು ಪೆಪ್ಪರ್ ಫಾಗ್, ಡೆವಲಪರ್ ಸೋತಿದೆ ಅಂತ ಅರ್ಥ. ಚಿಟಿಕೆ ಸೋಡಿಯಂ ಸಲ್ಫೈಟ್ ಹಾಕಿದರೆ ಎಷ್ಟೋ ಸಲ ತಗ್ಗುತ್ತದೆ.

ತುಕ್ಕು ಹಿಡಿದ ಕಬ್ಬಿಣ, ಒರಟು ಕಲ್ಲು ಇಂಥವಕ್ಕೆ ನಾನು ಈಗಲೂ ಕೋಲ್ಡ್ ಟೋನ್ ಪೇಪರನ್ನೇ ತೆಗೆಯುತ್ತೇನೆ, ಆ ಮರಳು ಅಲ್ಲಿ ಒಪ್ಪುತ್ತದೆ. ಮಂಜು, ಚರ್ಮ, ಆಕಾಶ ಇದ್ದರೆ ಮಾತ್ರ ಫೋಮಾಟೋನೇ ಬೇಕು.