ಹಬ್‌ಗೆ ಕಟ್ಟುವ ಫೆಂಡರ್ ರೋಲರ್: ಹಿಂದಿನ ವೀಲ್ ಆರ್ಚಿನ ಕೆಲಸಕ್ಕೆ ಎಷ್ಟು ಸರಿ?

ಅಗಲದ ಟೈರ್ ಹಾಕಿಸಿದ ಕಾರು ಖಾಲಿ ಇದ್ದಾಗ ಸುಮ್ಮನಿದ್ದು, ಹಿಂದಿನ ಸೀಟು ತುಂಬಿ ಹಂಪ್ ಹತ್ತಿದಾಗ ಮಾತ್ರ ಉಜ್ಜುತ್ತಿದ್ದರೆ, ತಗಲುತ್ತಿರುವುದು ಬಹುಮಟ್ಟಿಗೆ ವೀಲ್ ಆರ್ಚಿನ, ಅಂದರೆ ಚಕ್ರದ ಮೇಲಿರುವ ಬಾಡಿಯ ಕಮಾನಿನ, ಒಳಕ್ಕೆ ಬಾಗಿರುವ ತಗಡಿನ ಅಂಚು. ಫೆಂಡರ್ ರೋಲರ್ ಎಂದರೆ ಚಕ್ರ ಬಿಚ್ಚಿ, ಅದು ಕೂರುವ ಹಬ್‌ಗೆ ಬಿಗಿಯುವ ತೋಳು; ತೋಳಿನ ತುದಿಯ ಉರುಳೆ ಅಂಚನ್ನು ಒತ್ತುತ್ತದೆ. ಅಂಚನ್ನು ಮೇಲಕ್ಕೆ ಮಡಚಲು ಇದರಷ್ಟು ಹದವಾದ ಉಪಕರಣ ಇನ್ನೊಂದಿಲ್ಲ. ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಬಡಿದರೂ ಅಂಚು ಮಡಚುತ್ತದೆ, ಆದರೆ ಪೇಂಟ್ ಉಳಿಯುವುದು ಅಪರೂಪ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹಬ್ ಪ್ಲೇಟಿನ ತೂತುಗಳು. ಸ್ವಿಫ್ಟ್, ಬಲೆನೊಗೆ 4×100 (100 ಮಿ.ಮೀ. ವ್ಯಾಸದ ವೃತ್ತದ ಮೇಲೆ ನಾಲ್ಕು ತೂತು), ಪೋಲೋಗೆ 5×100, ಕ್ರೆಟಾಗೆ 5×114.3 ಬೇಕು. ಆಮೇಲೆ ತೋಳಿನ ಕೀಲನ್ನು ಹಿಡಿದು ಅಲ್ಲಾಡಿಸಿ. ಅಗ್ಗದ ರೋಲರ್‌ಗಳು ಸೋಲುವುದು ಇಲ್ಲೇ: ಕೀಲಿನಲ್ಲಿ ಆಟ ಇದ್ದರೆ ಒತ್ತಡ ಒಂದೇ ಸಮ ಬೀಳದೆ ತಗಡು ಅಲೆಅಲೆಯಾಗುತ್ತದೆ. ಉರುಳೆ ಪಾಲಿಯುರೆಥೇನಿನದಾಗಿರಲಿ, ಅಂಚುಗಳು ದುಂಡಗಿರಲಿ.

ಚಕ್ರ ಬಿಚ್ಚುವ ಮೊದಲು ಲೆಕ್ಕ ಹಾಕಿ. 185/65 R15 (185 ಮಿ.ಮೀ. ಅಗಲ, ಅದರ 65% ಪಕ್ಕದ ಎತ್ತರ, 15 ಇಂಚಿನ ರಿಮ್) ಟೈರ್ ಬದಲು 205/60 R15 ಹಾಕಿದರೆ ಟೈರ್ ಹೊರಬದಿಗೆ 10 ಮಿ.ಮೀ., ಒಳಬದಿಗೆ 10 ಮಿ.ಮೀ. ಬೆಳೆಯುತ್ತದೆ, ವ್ಯಾಸ ಸುಮಾರು 5.5 ಮಿ.ಮೀ. ಹೆಚ್ಚುತ್ತದೆ. ಜೊತೆಗೆ ರಿಮ್ಮಿನ ಆಫ್‌ಸೆಟ್, ಅಂದರೆ ಹಬ್‌ಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬ ಅಳತೆ, 45ರಿಂದ 35ಕ್ಕೆ ಇಳಿದರೆ ಹೊರಕ್ಕೆ ಮತ್ತೆ 10 ಮಿ.ಮೀ. ಅಂಚು ಮಡಚಿದರೆ ಸಿಗುವ ಜಾಗ ಆ ಅಂಚಿನ ಅಗಲವನ್ನು ಮೀರುವುದಿಲ್ಲ. ಅಷ್ಟರಲ್ಲಿ ಹಿಡಿಸದಿದ್ದರೆ ಬದಲಿಸಬೇಕಾದದ್ದು ರಿಮ್.

ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ತೋಳು ಒತ್ತುವಾಗ ಕಾರು ಅಲುಗುತ್ತದೆ. ಒಳಲೈನರ್ (ಆರ್ಚಿನೊಳಗಿನ ಹೊದಿಕೆ) ಮತ್ತು ಬಂಪರ್ ತುದಿಯ ಸ್ಕ್ರೂ ಬಿಚ್ಚಿ, ಅಂಚಿನ ಮಣ್ಣನ್ನೆಲ್ಲ ತೊಳೆದು ಒಣಗಿಸಿ. ಒಂದು ಮರಳಿನ ಕಣ ಉಳಿದರೂ ಉರುಳೆ ಅದನ್ನು ಪೇಂಟಿನೊಳಕ್ಕೆ ಅರೆಯುತ್ತದೆ. ಹೀಟ್ ಗನ್ನಿಂದ ಒಂದು ಗೇಣಿನಷ್ಟು ಭಾಗವನ್ನು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿಕೊಂಡು ಒತ್ತಿ. ತಣ್ಣಗಿದ್ದರೆ ಪೇಂಟ್ ಸೀಳುತ್ತದೆ, ಗನ್ ಒಂದೇ ಕಡೆ ನಿಂತರೆ ಗುಳ್ಳೆ ಏಳುತ್ತದೆ. ಪೆಟ್ರೋಲ್ ತುಂಬುವ ಪೈಪ್ ಇರುವ ಬದಿಯಲ್ಲಿ ಗನ್ನಿನ ಬಾಯಿ ಯಾವಾಗಲೂ ಹೊರಮುಖವಾಗಿರಬೇಕು. ಪೆಟ್ರೋಲ್ ವಾಸನೆ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ.

ಮೊದಲ ಸುತ್ತಿನಲ್ಲಿ ಅಂಚು ಸ್ವಲ್ಪವೇ ಬಾಗಲಿ. ಹಲವು ಸುತ್ತಿನಲ್ಲಿ 45 ಡಿಗ್ರಿಗೆ ತಂದು, ಚಕ್ರ ಹಾಕಿ ನೋಡಿ. ಎಷ್ಟೋ ಕಾರುಗಳಿಗೆ ಅಷ್ಟೇ ಸಾಕು. ಇನ್ನೊಂದು ವಿಷಯ ಈ ಉಪಕರಣದ ಕೈಪಿಡಿ ಕಾಗದದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ: ಆರ್ಚ್ ಹಬ್ಬನ್ನೇ ಕೇಂದ್ರವಾಗಿಟ್ಟುಕೊಂಡ ವೃತ್ತವಲ್ಲ. ಎತ್ತಿದ ಕಾರಿನಲ್ಲಿ ಹಬ್ ಕೆಳಗೆ ಜೋತುಬಿದ್ದಿರುವುದರಿಂದ ವ್ಯತ್ಯಾಸ ಇನ್ನೂ ಹೆಚ್ಚು. ಒಂದೇ ಉದ್ದಕ್ಕೆ ತೋಳು ಬಿಗಿದು ಪೂರ್ತಿ ಆರ್ಚ್ ಉರುಳಿಸಿದರೆ ಒಂದು ಕಡೆ ಅಂಚು ಮುಟ್ಟುವುದೇ ಇಲ್ಲ, ಇನ್ನೊಂದು ಕಡೆ ಹೊರತಗಡು ಉಬ್ಬುತ್ತದೆ. ಆರ್ಚನ್ನು ಮೂರು ಭಾಗ ಮಾಡಿಕೊಂಡು, ಪ್ರತಿ ಭಾಗಕ್ಕೂ ತೋಳಿನ ಉದ್ದವನ್ನು ಹೊಸದಾಗಿ ಹೊಂದಿಸಿ.

ಹಿಂದಿನ ಅಂಚು ಎರಡು ಪದರದ್ದು, ಸ್ಪಾಟ್ ವೆಲ್ಡ್ ಮಾಡಿ ಕೂಡಿಸಿದ್ದು. ಬೇಗ ಬಗ್ಗಲಿ ಎಂದು ಅದನ್ನು ಕತ್ತರಿಸಿ ಸೀಳುವುದು ಬಾಡಿಯ ಬಲವನ್ನೇ ಕಡಿದಂತೆ. ಹಿಂದೆ ಟಿಂಕರಿಂಗ್ ಆಗಿ ಪುಟ್ಟಿ ಕೂತಿರುವ ಆರ್ಚ್ ಆದರೆ ಪುಟ್ಟಿ ಉದುರುವುದು ಖಂಡಿತ. ಅಯಸ್ಕಾಂತ ಹಿಡಿದು ಮೊದಲೇ ಪರೀಕ್ಷಿಸಿ; ದಪ್ಪ ಪುಟ್ಟಿ ಇರುವಲ್ಲಿ ಅದು ಸರಿಯಾಗಿ ಅಂಟುವುದಿಲ್ಲ.

ಮಡಚಿದಾಗ ಪದರಗಳ ನಡುವಿನ ಸೀಲಂಟ್ ಬಿರುಕು ಬಿಡುತ್ತದೆ. ಬಿರುಕಿಗೆ ಝಿಂಕ್ ಪ್ರೈಮರ್, ಮೇಲೆ ಸೀಮ್ ಸೀಲರ್ (ತಗಡಿನ ಕೂಡಿಕೆ ಮುಚ್ಚುವ ಅಂಟು), ಅದು ಒಣಗಿದ ಮೇಲೆ ಟಚ್-ಅಪ್ ಪೇಂಟ್, ಕೊನೆಗೆ ಒಳಗಡೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ). ಮಂಗಳೂರು, ಕಾರವಾರದ ಉಪ್ಪುಗಾಳಿ ಮತ್ತು ಮಳೆಗೆ ಓಡುವ ಕಾರಿನಲ್ಲಿ ಇದನ್ನು ಬಿಟ್ಟರೆ ತುಕ್ಕು ಒಳಗಿನಿಂದ ಶುರುವಾಗಿ, ಹೊರಗೆ ಕಾಣುವಷ್ಟರಲ್ಲಿ ತಗಡು ತೂತಾಗಿರುತ್ತದೆ.

ಇದೇ ತೋಳಿನಿಂದ ಆರ್ಚನ್ನು ಹೊರಕ್ಕೆ ಎಳೆಯಲೂಬಹುದು ಎಂದು ಮಾರುವವರು ಹೇಳುತ್ತಾರೆ. ಹಿಂದಿನ ಬಾಗಿಲು ಆರ್ಚಿಗೆ ತಾಗಿಕೊಂಡಿರುವ ಕಾರುಗಳಲ್ಲಿ ಹಾಗೆ ಎಳೆದರೆ ಬಾಗಿಲಿನ ಗೆರೆ ಕೂಡುವುದಿಲ್ಲ. ಆ ಕೆಲಸಕ್ಕೆ ಇದನ್ನು ಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ವಿನ್ಯಾಸದಿಂದ ದೂರ ಹೋಗುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ ಎಂಬುದೂ ಗೊತ್ತಿರಲಿ.