ನಕ್ಷತ್ರ ತಣಿಯುವುದನ್ನು ಕಾಗದದ ಮೇಲೆ ಕಂಡೆವು: ಲೆಸ್ಟರ್‌ನ ಸ್ವಿಫ್ಟ್ ದತ್ತಾಂಶ ಸೇವೆ

ನಮ್ಮದು ಮಲೆನಾಡಿನ ಸಣ್ಣ ಊರಿನ ಪದವಿ ಕಾಲೇಜು. ಭೌತಶಾಸ್ತ್ರ ವಿಭಾಗದಲ್ಲಿ ಆರು ಕಂಪ್ಯೂಟರ್‌ಗಳಿವೆ, ಒಂದು ಪುಟ್ಟ ದೂರದರ್ಶಕವಿದೆ. ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಆಕಾಶವೇ ಕಾಣುವುದಿಲ್ಲ. ಅಂತಿಮ ಬಿ.ಎಸ್ಸಿ.ಯ ವಿದ್ಯಾರ್ಥಿನಿಯೊಬ್ಬಳು ಬಂದು, "ಮೇಡಂ, ನ್ಯೂಟ್ರಾನ್ ನಕ್ಷತ್ರ ಕಾಯುವುದು, ತಣಿಯುವುದು, ಇದನ್ನೇ ಪ್ರಾಜೆಕ್ಟಿಗೆ ತೆಗೆದುಕೊಳ್ಳಲೇ?" ಎಂದು ಕೇಳಿದಾಗ ನಾನು ಹೂಂ ಎಂದದ್ದು ಒಂದೇ ಒಂದು ಧೈರ್ಯದ ಮೇಲೆ. (ದೈತ್ಯ ನಕ್ಷತ್ರ ಸಿಡಿದ ಮೇಲೆ ಉಳಿಯುವ, ಒಂದು ಊರಿನಷ್ಟೇ ಅಗಲದ ಅತಿ ಸಾಂದ್ರ ತಿರುಳೇ ನ್ಯೂಟ್ರಾನ್ ನಕ್ಷತ್ರ.) ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಸ್ವಿಫ್ಟ್ ದತ್ತಾಂಶ ಕೇಂದ್ರದ ಉಚಿತ ಸೇವೆಯ ಬಗ್ಗೆ ನನಗೆ ಗೊತ್ತಿತ್ತು. ಒಂದು ಸೆಮಿಸ್ಟರ್ ಪೂರ್ತಿ ಅದನ್ನು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನಮ್ಮಂಥ ಕಾಲೇಜುಗಳಲ್ಲಿ ಪಾಠ ಮಾಡುವವರು ಓದಲಿ ಎಂಬುದು ನನ್ನ ಆಸೆ.

ಸ್ವಿಫ್ಟ್ ಎಂಬುದು 2004ರ ನವೆಂಬರ್ 20ರಂದು ನಾಸಾ ಹಾರಿಸಿದ ಉಪಗ್ರಹ. ಗಾಮಾ ಕಿರಣ ಸ್ಫೋಟಗಳ ಬೆನ್ನು ಹತ್ತುವುದಕ್ಕಾಗಿ, ಆಕಾಶದ ಯಾವ ದಿಕ್ಕಿಗಾದರೂ ಥಟ್ಟನೆ ತಿರುಗುವಂತೆ ಅದನ್ನು ಕಟ್ಟಿದ್ದಾರೆ. ಇದ್ದಕ್ಕಿದ್ದಂತೆ ಹೊತ್ತಿಕೊಂಡು ಆಮೇಲೆ ಆರುವ ನ್ಯೂಟ್ರಾನ್ ನಕ್ಷತ್ರಗಳನ್ನು ದಿನ ಬಿಟ್ಟು ದಿನ ನೋಡುವುದಕ್ಕೂ ಆ ಚುರುಕು ಒದಗಿಬಂದಿದೆ. ಅದರ ಎಕ್ಸ್-ಕಿರಣ ದೂರದರ್ಶಕ ಸಂಗ್ರಹಿಸಿದ್ದೆಲ್ಲ ಸಾರ್ವಜನಿಕ ದತ್ತಾಂಶ. ಆದರೆ ಅದು ಕಚ್ಚಾ ಮಾಲು. ಹಿನ್ನೆಲೆಯನ್ನು ಕಳೆಯಬೇಕು, ಏಕಕಾಲಕ್ಕೆ ಹಲವು ಫೋಟಾನ್ (ಬೆಳಕಿನ ಕಣ) ಬಿದ್ದು ತಪ್ಪಿದ ಎಣಿಕೆಯನ್ನು ತಿದ್ದಬೇಕು, ಡಿಟೆಕ್ಟರಿನಲ್ಲಿ ಕೆಟ್ಟುಹೋದ ಸಾಲುಗಳಿಗೆ ಲೆಕ್ಕ ಹೊಂದಿಸಬೇಕು. ಇದನ್ನೆಲ್ಲ ಕಲಿಯುವಷ್ಟರಲ್ಲಿ ನಮ್ಮ ಮಕ್ಕಳ ಸೆಮಿಸ್ಟರ್ ಮುಗಿದಿರುತ್ತದೆ. ಲೆಸ್ಟರ್‌ನವರು ಇಷ್ಟನ್ನೂ ತಾವೇ ಮಾಡಿಕೊಡುತ್ತಾರೆ. ಇಮೇಲ್ ನೋಂದಾಯಿಸಿ, ನಕ್ಷತ್ರದ ಹೆಸರು ಬರೆದು, ಬೆಳಕಿನ ಏರಿಳಿತದ ಗ್ರಾಫ್ ಬೇಕೋ ರೋಹಿತ (ಯಾವ ಶಕ್ತಿಯ ಫೋಟಾನ್ ಎಷ್ಟು ಎಂಬ ಹಂಚಿಕೆ) ಬೇಕೋ ಎಂದು ಗುರುತು ಹಾಕಿ ಕಳಿಸಿದರೆ ಸಾಕು. ಹಣ ಕೇಳುವುದಿಲ್ಲ, ಪಿಎಚ್.ಡಿ. ಆಗಿದೆಯೇ ಎಂದೂ ಕೇಳುವುದಿಲ್ಲ.

ನಾವು ಆರಿಸಿಕೊಂಡದ್ದು ಅಕ್ವಿಲಾ ಎಕ್ಸ್-1. ಶ್ರವಣ ನಕ್ಷತ್ರವಿರುವ ಗರುಡ ಪುಂಜದಲ್ಲೇ ಇದೂ ಇದೆ. ಸೆಕೆಂಡಿಗೆ ಸುಮಾರು 550 ಸುತ್ತು ತಿರುಗುವ ಈ ನ್ಯೂಟ್ರಾನ್ ನಕ್ಷತ್ರ, ಪಕ್ಕದ ಸಂಗಾತಿ ನಕ್ಷತ್ರದಿಂದ ದ್ರವ್ಯವನ್ನು ಎಳೆದುಕೊಳ್ಳುತ್ತದೆ. ಸರಿಸುಮಾರು ವರ್ಷಕ್ಕೊಮ್ಮೆ ಆ ದ್ರವ್ಯ ಒಮ್ಮೆಲೇ ಸುರಿದು ಕೆಲವು ವಾರ ಉಬ್ಬರ ಬರುತ್ತದೆ, ಆಮೇಲೆ ಇಳಿಯುತ್ತದೆ. ಪದೇ ಪದೇ ಉಬ್ಬರ ಬರುವುದರಿಂದಲೇ ಕಲಿಯುವವರಿಗೆ ಇದು ಅನುಕೂಲದ ನಕ್ಷತ್ರ. ನಾವು ಕೋರಿಕೆ ಕಳಿಸಿದ ಮಧ್ಯಾಹ್ನ ಮಳೆಗೆ ಇಂಟರ್ನೆಟ್ ಕಡಿದುಹೋಯಿತು. ಮರುದಿನ ಬೆಳಿಗ್ಗೆ ತೆರೆದು ನೋಡಿದರೆ ಪುಟ ಸಿದ್ಧವಾಗಿತ್ತು. ಲೆಕ್ಕವೆಲ್ಲ ನಡೆಯುವುದು ಅವರ ಯಂತ್ರಗಳಲ್ಲಿ. ನಮ್ಮ ಹಳೆಯ ಕಂಪ್ಯೂಟರ್ ಬರಿದೇ ಕಾಯುತ್ತಿದ್ದರೆ ಸಾಕು.

ಆ ಗ್ರಾಫನ್ನು ಮುದ್ರಿಸಿ ಮೇಜಿನ ಮೇಲೆ ಹರಡಿದೆವು. ಮೇಲ್ಗಡೆ ಒತ್ತೊತ್ತಾಗಿ ನೀಲಿ ಬಿಂದುಗಳು, ಅದು ಉಬ್ಬರದ ಕಾಲ. ಅಲ್ಲಿಂದ ಕಡಿದಾದ ಬಂಡೆಯಂತೆ ಇಳಿಜಾರು. ಕೆಳಗೆ ವಿರಳವಾಗಿ ಕೆಂಪು ಬಿಂದುಗಳು, ಒಂದೊಂದಕ್ಕೂ ಉದ್ದನೆಯ ದೋಷರೇಖೆ. ನೀಲಿ, ಕೆಂಪು ಎರಡೂ ಅದೇ ದೂರದರ್ಶಕ ಎಣಿಸುವ ಬೇರೆ ಬೇರೆ ವಿಧಾನ: ಬೆಳಕು ಹೆಚ್ಚಿದ್ದಾಗ ಒಂದು, ಕಡಿಮೆಯಿದ್ದಾಗ ಇನ್ನೊಂದು. ಅವಳು ಬಂಡೆಯ ಬುಡದಲ್ಲಿ ಬೆರಳಿಟ್ಟು, "ಸುರಿಯುವುದು ನಿಂತಿದೆಯಲ್ಲ ಮೇಡಂ, ಮತ್ತೆ ಈ ಬೆಳಕು ಎಲ್ಲಿಯದು?" ಎಂದಳು. ಇಡೀ ವಿಷಯ ಆ ಒಂದು ಪ್ರಶ್ನೆಯಲ್ಲಿದೆ.

ಅವಳ ಮನೆಯಲ್ಲಿ ಇನ್ನೂ ಬಚ್ಚಲೊಲೆ ಉರಿಯುತ್ತದೆ, ಹಾಗಾಗಿ ನನ್ನ ಉತ್ತರ ಸುಲಭವಾಯಿತು. ನಾಲ್ಕು ಮಡಲು ಉರಿಸಿ ಬಿಟ್ಟರೆ ಒಲೆಯ ಗೋಡೆ ಮೇಲೆ ಮೇಲೆ ಬಿಸಿಯಾಗಿ ಬೇಗ ಆರುತ್ತದೆ. ಮದುವೆಮನೆಯಲ್ಲಿ ಎರಡು ದಿನ ಬಿಡದೆ ಉರಿದ ಒಲೆಯ ಗೋಡೆಯಾದರೋ ಒಳಗಿನವರೆಗೆ ಕಾದಿರುತ್ತದೆ. ಬೆಂಕಿ ನಂದಿಸಿದ ಮರುದಿನವೂ ಕೈಯಿಟ್ಟರೆ ಬೆಚ್ಚಗಿರುತ್ತದೆ. ನ್ಯೂಟ್ರಾನ್ ನಕ್ಷತ್ರಕ್ಕೂ ಸುಮಾರು ಒಂದು ಕಿಲೋಮೀಟರ್ ದಪ್ಪದ ಗಟ್ಟಿ ಚಿಪ್ಪಿದೆ. ಮೇಲೆ ಬಿದ್ದ ದ್ರವ್ಯದ ಪ್ರತಿ ನ್ಯೂಕ್ಲಿಯಾನ್ (ಪ್ರೋಟಾನ್ ಅಥವಾ ನ್ಯೂಟ್ರಾನ್) ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿ ಬಿಡುತ್ತದೆ, ಆದರೆ ಅದರ ಬಹುಪಾಲು ಮೇಲ್ಮೈಯಿಂದಲೇ ಬೆಳಕಾಗಿ ಹೊರಟುಹೋಗುತ್ತದೆ. ಚಿಪ್ಪು ಒಳಗೆ ಕಾಯುವುದು ಬೇರೆ ರೀತಿಯಲ್ಲಿ. ಹೊಸ ಭಾರ ಬಿದ್ದಂತೆ ಹಳೆಯ ದ್ರವ್ಯ ಕೆಳಕ್ಕೆ ಒತ್ತಲ್ಪಡುತ್ತದೆ. ಅಲ್ಲಿ ಪರಮಾಣು ಬೀಜಗಳು ಎಲೆಕ್ಟ್ರಾನ್‌ಗಳನ್ನು ನುಂಗುತ್ತವೆ, ನ್ಯೂಟ್ರಾನ್‌ಗಳನ್ನು ಉಗುಳುತ್ತವೆ, ಇನ್ನೂ ಆಳದಲ್ಲಿ ಬರೀ ಒತ್ತಡಕ್ಕೇ ಒಂದರಲ್ಲೊಂದು ಬೆಸೆಯುತ್ತವೆ. ಇದರಿಂದ ಹುಟ್ಟುವುದು ನ್ಯೂಕ್ಲಿಯಾನ್ ಒಂದಕ್ಕೆ ಒಂದೆರಡು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಅಷ್ಟೇ. ಮೇಲಿನ ಅಬ್ಬರಕ್ಕೆ ಹೋಲಿಸಿದರೆ ಚಿಲ್ಲರೆ, ಆದರೆ ಚಿಪ್ಪಿನಲ್ಲಿ ಉಳಿಯುವುದು ಈ ಚಿಲ್ಲರೆಯೇ. ಉಬ್ಬರ ನಿಂತ ಮೇಲೆ ಮೊದಲು ಹೊರಪದರದ ಶಾಖ ಹೊರಬರುತ್ತದೆ, ತಿಂಗಳು ಕಳೆದಂತೆ ಆಳದ್ದು. ಆದ್ದರಿಂದ ಗ್ರಾಫಿನಲ್ಲಿ ಬಲಕ್ಕೆ ಹೋದಂತೆ ನಾವು ಚಿಪ್ಪಿನ ಆಳಕ್ಕೆ ಇಳಿಯುತ್ತಿರುತ್ತೇವೆ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಇಷ್ಟು ನೇರವಾಗಿ ಒಂದು ನಕ್ಷತ್ರದ ಒಳಗನ್ನು ತೋರಿಸುವ ಗೆರೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಸೇವೆಯಿಂದ ಏನು ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಗ್ರಾಫಿನಲ್ಲಿರುವುದು ಸೆಕೆಂಡಿಗೆ ಎಷ್ಟು ಫೋಟಾನ್ ಎಂಬ ಎಣಿಕೆ, ತಾಪಮಾನವಲ್ಲ. ತಾಪಮಾನ ಬೇಕಾದರೆ ರೋಹಿತದ ಕಡತವನ್ನು ಇಳಿಸಿಕೊಂಡು, ನ್ಯೂಟ್ರಾನ್ ನಕ್ಷತ್ರದ ಹೈಡ್ರೋಜನ್ ವಾತಾವರಣದ ಮಾದರಿಯನ್ನು ಅದಕ್ಕೆ ಹೊಂದಿಸಿ ನೋಡಬೇಕು. ಬರಿಯ ಕೃಷ್ಣಕಾಯದ (ಬಿದ್ದ ಬೆಳಕನ್ನೆಲ್ಲ ಹೀರಿ, ತಾಪಮಾನಕ್ಕೆ ತಕ್ಕಂತೆ ಮಾತ್ರ ಹೊಳೆಯುವ ಆದರ್ಶ ವಸ್ತುವಿನ) ಸೂತ್ರ ಹಚ್ಚಿದರೆ ತಾಪಮಾನ ಹೆಚ್ಚಾಗಿಯೂ ನಕ್ಷತ್ರ ತೀರಾ ಚಿಕ್ಕದಾಗಿಯೂ ಬರುತ್ತದೆ. ನಮಗೆ ಹೆಚ್ಚು ದಿನ ಹಿಡಿದದ್ದು ಇದೇ ಕೆಲಸ. ಎರಡನೆಯದಾಗಿ, ವಿಶ್ರಾಂತಿಯ ಕಾಲದಲ್ಲಿ, ಅಂದರೆ ಉಬ್ಬರವಿಲ್ಲದಾಗ, ಒಂದು ಸಾವಿರ ಸೆಕೆಂಡು ನೋಡಿದರೂ ಸ್ವಿಫ್ಟ್‌ಗೆ ಸಿಗುವುದು ಕೆಲವೇ ಹತ್ತು ಫೋಟಾನ್‌ಗಳು. ಹಲವು ವೀಕ್ಷಣೆಗಳನ್ನು ಒಟ್ಟು ಸೇರಿಸದೆ ರೋಹಿತ ನಿಲ್ಲುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ: ಉಬ್ಬರ ಮುಗಿದ ಮೇಲೂ ಅಕ್ವಿಲಾ ಎಕ್ಸ್-1ರ ಮೇಲೆ ಆಗಾಗ ಚೂರು ಚೂರು ದ್ರವ್ಯ ಬೀಳುತ್ತಿರುತ್ತದೆ. ತಣಿಯುವ ಗೆರೆ ನಡುವೆ ತಲೆಯೆತ್ತಿದರೆ ಚಿಪ್ಪು ಮತ್ತೆ ಕಾಯಿತು ಎಂದು ಬರೆದುಬಿಡಬಾರದು.

ತೀರಾ ನಿಧಾನವಾಗಿ, ವರ್ಷಗಟ್ಟಲೆ ತಣಿಯುವ ನಕ್ಷತ್ರಗಳಿಗೆ ನಾಸಾದ ಚಂದ್ರಾ ಎಕ್ಸ್-ಕಿರಣ ದೂರದರ್ಶಕದ ದತ್ತಾಂಶವೇ ಸರಿ. ಕೆಎಸ್ 1731-260 ಎಂಬ ನ್ಯೂಟ್ರಾನ್ ನಕ್ಷತ್ರ ಹನ್ನೆರಡೂವರೆ ವರ್ಷ ಉರಿದು 2001ರಲ್ಲಿ ಆರಿತು. ವರ್ಷಗಳು ಹಿಡಿದರೂ ಅದು ನಿರೀಕ್ಷೆಗಿಂತ ಬೇಗ ತಣಿದದ್ದರಿಂದಲೇ, ಚಿಪ್ಪು ಅಡ್ಡಾದಿಡ್ಡಿ ರಾಶಿಯಲ್ಲ, ಶಾಖವನ್ನು ಸಲೀಸಾಗಿ ಹರಿಯಬಿಡುವ ಅಚ್ಚುಕಟ್ಟಾದ ಸ್ಫಟಿಕ ಎಂದು ತಿಳಿಯಿತು. ಎರಡೂವರೆ ವರ್ಷ ಉರಿದು ಅದೇ ವರ್ಷ ಆರಿದ ಎಂಎಕ್ಸ್‌ಬಿ 1659-29ರ ತಾಪಮಾನ ಸುಮಾರು ನಾಲ್ಕು ವರ್ಷಗಳಲ್ಲಿ 121 ಎಲೆಕ್ಟ್ರಾನ್ ವೋಲ್ಟ್‌ನಿಂದ 55ರ ಆಸುಪಾಸಿಗೆ ಇಳಿಯಿತು, ಅಂದರೆ 14 ಲಕ್ಷ ಕೆಲ್ವಿನ್‌ನಿಂದ ಆರು ಲಕ್ಷ ಚಿಲ್ಲರೆಗೆ. ಇಷ್ಟು ಕೆಳಗಿನ ಬಿಂದುಗಳು ಸ್ವಿಫ್ಟ್‌ನ ಕೈಗೆ ಎಟುಕುವುದಿಲ್ಲ. ಆದರೆ ಉಬ್ಬರ ಯಾವಾಗ ಏರಿತು, ಯಾವ ವಾರ ಬಿತ್ತು, ಮೊದಲ ತಿಂಗಳುಗಳಲ್ಲಿ ಚಿಪ್ಪಿನ ಹೊರಭಾಗ ಹೇಗಿತ್ತು ಎಂಬುದಕ್ಕೆ ಲೆಸ್ಟರ್‌ನ ಪುಟಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಬಗೆಹರಿಯದ ಒಗಟು ಇರುವುದೂ ಆ ಹೊರಭಾಗದಲ್ಲೇ. ಲೆಕ್ಕಕ್ಕೆ ಸಿಗುವ ಶಾಖಕ್ಕಿಂತ ಹೆಚ್ಚಿನದು ಅಲ್ಲಿ ಕಾಣುತ್ತಿದೆ. ಬಹುತೇಕ ನಕ್ಷತ್ರಗಳಲ್ಲಿ ನ್ಯೂಕ್ಲಿಯಾನ್‌ಗೆ ಒಂದೆರಡು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಸೇರಿಸಿದರೆ ಸರಿಹೋಗುತ್ತದೆ. 2011ರಲ್ಲಿ ಹೊತ್ತಿಕೊಂಡ ಮ್ಯಾಕ್ಸಿ ಜೆ0556-332ಕ್ಕೆ ಮಾತ್ರ ಹತ್ತರ ಆಸುಪಾಸು ಬೇಕಾಯಿತು. ಆ ಶಾಖದ ಮೂಲ ಯಾವುದೆಂದು ಇನ್ನೂ ಯಾರಿಗೂ ತಿಳಿದಿಲ್ಲ. ಇದನ್ನು ಹೇಳಿದ ದಿನ ಅವಳು ಲ್ಯಾಬಿನಿಂದ ಮನೆಗೆ ಹೊರಟದ್ದು ಕೊನೆಯ ಬಸ್ಸಿಗೆ.

ಬಳಸುವವರಿಗೆ ಎರಡು ಮಾತು. ಬಿಂದುಗಳನ್ನು ಹೇಗೆ ಗುಂಪು ಮಾಡಬೇಕು ಎಂದು ಕೇಳುವಲ್ಲಿ, ವಿಶ್ರಾಂತಿಯ ಕಾಲಕ್ಕೆ ವೀಕ್ಷಣೆಗೊಂದು ಬಿಂದು ಎಂಬುದನ್ನೇ ಆರಿಸಿ. ಪ್ರಾಜೆಕ್ಟ್ ವರದಿಯಲ್ಲಿ ಅವರಿಗೆ ಕೃತಜ್ಞತೆ ಹೇಳಿ, 2007 ಮತ್ತು 2009ರ ಇವಾನ್ಸ್ ಮತ್ತು ಸಂಗಡಿಗರ ಪ್ರಬಂಧಗಳನ್ನು ಹೆಸರಿಸಿ. ಅವರು ಬದಲಿಗೆ ಕೇಳುವುದು ಅಷ್ಟನ್ನೇ. ಸ್ವಿಫ್ಟ್‌ನ ಕಕ್ಷೆ ಕುಸಿಯುತ್ತಿದೆ, ಅದನ್ನು ಮೇಲೆತ್ತಲು 2025ರಲ್ಲಿ ನಾಸಾ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತು ಎಂಬ ಸುದ್ದಿ ಓದಿದಾಗ, ನಮ್ಮೂರ ವೈದ್ಯರಿಗೆ ಹುಷಾರಿಲ್ಲವೆಂದು ಕೇಳಿದಂತೆ ಕಳವಳವಾಯಿತು.

ಅವಳು ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ಹೋಗುವ ಮುನ್ನ ಲ್ಯಾಬಿನ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಕೂತು ಇನ್ನೊಂದು ಕೋರಿಕೆ ಕಳಿಸಿದಳು. ಹೆಸರಿನ ಜಾಗದಲ್ಲಿ ಬರೆದದ್ದು ಎಕ್ಸೋ 0748-676: ಇಪ್ಪತ್ತನಾಲ್ಕು ವರ್ಷ ಉರಿದು 2008ರಲ್ಲಿ ಆರಿ, 2024ರಲ್ಲಿ ಮತ್ತೆ ಹೊತ್ತಿಕೊಂಡ ನಕ್ಷತ್ರ. ಆ ಗ್ರಾಫ್ ಈಗ ಈ ವರ್ಷದ ಹುಡುಗರ ಕೈಯಲ್ಲಿದೆ.