ಕೊಡೆ ಹಿಡಿದ ಕೈಯ ಹೆಜ್ಜೆ ಎಣಿಸದ ಪಟ್ಟಿ: ಹದಿನಾರು ತಿಂಗಳ ಬಳಕೆಯ ನಂತರ

ಕಳೆದ ವರ್ಷ ಜನವರಿಯಲ್ಲಿ ರಕ್ತದಲ್ಲಿನ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ (HbA1c) ಮಾಡಿಸಿದಾಗ ಶೇಕಡಾ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೇವೆಂದು ಅರ್ಥ. ವೈದ್ಯರು ಮಾತ್ರೆ ಬರೆಯದೆ, ನಡೆಯಿರಿ, ಅನ್ನ ಕಡಿಮೆ ಮಾಡಿ, ಆಮೇಲೆ ನೋಡೋಣ ಎಂದರು. ನಡಿಗೆ ಆರಂಭಿಸಿ ಹದಿನೈದು ದಿನಕ್ಕೆ ಬಿಡುವುದು ನನಗೆ ಹೊಸದಲ್ಲವಾದ್ದರಿಂದ, ಕೈಯಲ್ಲೊಂದು ಲೆಕ್ಕವಿದ್ದರೆ ಮನಸ್ಸು ಹಿಡಿದು ನಿಲ್ಲಬಹುದೆಂದು 2,499 ರೂಪಾಯಿ ಕೊಟ್ಟು ಮಣಿಕಟ್ಟಿಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡ್, ಅಂದರೆ ಹೆಜ್ಜೆ ಎಣಿಸುವ ಪಟ್ಟಿ, ತರಿಸಿದೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ನನಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡುವ ಮನಸ್ಸಿರಲಿಲ್ಲ. ಅದರ ಪರದೆ, ಬ್ಯಾಟರಿಗಳ ವಿವರ ಎಲ್ಲ ಕಡೆಯೂ ಸಿಗುತ್ತದೆ. ನಾನು ಬರೆಯಬೇಕಾದದ್ದು ಬೇರೆ.

ಮೊದಲ ತಿಂಗಳುಗಳು ನಿಜಕ್ಕೂ ಸಂತೋಷದವು. ಬೆಳಿಗ್ಗೆ ಐದೂಮುಕ್ಕಾಲಕ್ಕೆ ಕಾರವಾರದ ಕಾಜುಬಾಗದ ಮನೆಯಿಂದ ಹೊರಟು, ಟಾಗೋರ್ ಕಡಲತೀರದ ಒದ್ದೆ ಮರಳಿನಲ್ಲಿ, ಇಳಿತದ ನೀರು ಬಿಟ್ಟುಹೋದ ಗಟ್ಟಿ ಅಂಚಿನ ಮೇಲೆ, ಚಾಪೆಲ್ ಯುದ್ಧನೌಕೆ ವಸ್ತುಸಂಗ್ರಹಾಲಯದ ಕಡೆಗೆ ನಡೆದು ತಿರುಗುತ್ತಿದ್ದೆ. ಮನೆಗೆ ಬಂದ ಮೇಲೆ ಪಟ್ಟಿಯನ್ನು ಬಿಚ್ಚಿ, ಒಳಬದಿಗೆ ಅಂಟಿದ ಉಪ್ಪು ಬೆವರನ್ನು ಸಿಹಿನೀರಿನಲ್ಲಿ ತೊಳೆದು, ಹಳೆಯ ಹತ್ತಿಸೀರೆಯ ತುಂಡಿನಿಂದ ಒರೆಸಿ, ಚಹಾ ಕುದಿಯುವವರೆಗೆ ಕಿಟಕಿಯ ಕಟ್ಟೆಯ ಮೇಲೆ ಆರಲು ಇಡುವುದು ನನಗೆ ಪೂಜೆಯ ಹೂವು ಬಿಡಿಸಿದಷ್ಟೇ ನಿತ್ಯದ ಕೆಲಸವಾಯಿತು. ಹೀಗೆ ತೊಳೆಯದ ಒಂದೇ ವಾರದಲ್ಲಿ ಚರ್ಮ ಕೆಂಪಾಗಿ ತುರಿಸಿತ್ತು; ಕರಾವಳಿಯವರು ಇದನ್ನು ಮರೆಯಬಾರದು. ಶಾಲೆಯಲ್ಲಿ ಒಂದು ಗಂಟೆ ಕುಳಿತಲ್ಲೇ ಕುಳಿತು ಪುಸ್ತಕ ತಿದ್ದುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ಮೆಲ್ಲಗೆ ಮಿಡಿಯುತ್ತದೆ. ಎದ್ದು ವರಾಂಡದ ತುದಿಯವರೆಗೆ ಹೋಗಿ ಬರಲು ಆ ಮಿಡಿತ ಸಾಕು. ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಡಿದರೆ ಊಟದ ನಂತರ ಏರುವ ಸಕ್ಕರೆ ತಗ್ಗುತ್ತದೆಂದು ವೈದ್ಯರೂ ಹೇಳಿದ್ದರಿಂದ, ಆ ಅಭ್ಯಾಸವನ್ನೂ ಇದೇ ಪಟ್ಟಿ ಗಟ್ಟಿಮಾಡಿತು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯನ್ನು ಕಂಪನಿಯವರೇ ತುಂಬಿಟ್ಟಿದ್ದರು. ಈ ಸಂಖ್ಯೆ ವೈದ್ಯರ ಲೆಕ್ಕಾಚಾರದಿಂದ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ‘ಮಾನ್‌ಪೊ-ಕೇ’ ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹಾಗಾಗಿ ನಾನು ಗುರಿಯನ್ನು 6,000ಕ್ಕೆ ಇಳಿಸಿಕೊಂಡೆ.

ಇದರ ಜೊತೆಗಿನ ಫೋನ್ ಆ್ಯಪ್‌ನಲ್ಲಿ ಆಹಾರ ಬರೆದಿಡುವ ಭಾಗವನ್ನು ಮೂರನೇ ವಾರಕ್ಕೆ ಕೈಬಿಟ್ಟೆ. ಕುಚ್ಚಲಕ್ಕಿ ಗಂಜಿ, ಬಾಂಗಡೆ ಸಾರು, ತಂಬುಳಿ ಯಾವುದೂ ಅದರ ತಿನಿಸುಗಳ ಯಾದಿಯಲ್ಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧದಷ್ಟು ತರಕಾರಿ, ಹಣ್ಣು ಇರಲಿ ಎಂದಿರುವುದು ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಮೊದಲು ಬಸಳೆಯನ್ನೋ ಹರಿವೆಯನ್ನೋ ಬಡಿಸಿಕೊಂಡು, ಉಳಿದ ಜಾಗದಲ್ಲಿ ಅನ್ನ ಹಾಕಿಕೊಳ್ಳತೊಡಗಿದೆ.

ಇನ್ನು ದೋಷದ ವಿಷಯ. ಗುರಿ ಮುಟ್ಟಿದ ದಿನಗಳನ್ನು ಸಾಲಾಗಿ ಎಣಿಸುವ ‘ಸತತ ದಿನಗಳು’ ಎಂಬ ಅಂಕಿ ಇದರ ಆ್ಯಪ್ ತೆರೆದ ಕೂಡಲೇ ದೊಡ್ಡದಾಗಿ ಕಾಣುತ್ತದೆ. ಅದು ನೂರು ದಾಟಿದ ದಿನ ನನಗಾದ ಹಿಗ್ಗನ್ನು ಮುಚ್ಚಿಡಲಾರೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಡಲತೀರ ಬಿಟ್ಟು, ಕೊಡೆ ಹಿಡಿದು ರಸ್ತೆಯ ಬದಿಯಲ್ಲಿ ಅಷ್ಟೇ ಹೊತ್ತು ನಡೆಯುತ್ತಿದ್ದರೂ ಹೆಜ್ಜೆಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬೀಳತೊಡಗಿತು. ಕಾರಣ ತಿಳಿಯದೆ, ಸಂಜೆ ಜಗಲಿಯಲ್ಲಿ ಸುತ್ತಿ ಸುತ್ತಿ ಸಂಖ್ಯೆಯನ್ನು ಹೊಂದಿಸುತ್ತಿದ್ದೆ. ಜುಲೈ 3ರಂದು ಭಾರಿ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು, ಹಗಲಿಡೀ ವಿದ್ಯುತ್ ಇರಲಿಲ್ಲ. ಮಳೆ ತುಸು ತಗ್ಗಿದಾಗ ಮುಕ್ಕಾಲು ಗಂಟೆ ನಡೆದು ಬಂದು ನಿಶ್ಚಿಂತೆಯಿಂದ ಮಲಗಿದೆ. ಮರುದಿನ ನೋಡಿದರೆ 143 ಇದ್ದ ಜಾಗದಲ್ಲಿ ಸೊನ್ನೆ ಇತ್ತು.

ಆ ಸೊನ್ನೆಯನ್ನು ನೋಡಿದ ಮೇಲೆ ನಾನು ಮೂರು ವಾರ ನಡೆಯಲಿಲ್ಲ. ಎಡವಿದ್ದು ಒಂದು ದಿನ, ಅದೂ ಯಂತ್ರದ ಲೆಕ್ಕದಲ್ಲಿ ಮಾತ್ರ. ಆದರೂ ಐದು ತಿಂಗಳ ಕೆಲಸವೆಲ್ಲ ನೀರಿಗೆ ಹೋಯಿತೆಂಬ ಭಾವನೆ ಮನಸ್ಸಿನಿಂದ ಹೋಗಲೇ ಇಲ್ಲ. ಬಸಳೆಯ ಜಾಗಕ್ಕೆ ಮತ್ತೆ ಅನ್ನ ಬಂತು, ಸಂಜೆಯ ಚಹಾಕ್ಕೆ ಕರಿದ ತಿಂಡಿ ಬಂತು. ಹುರುಪು ತುಂಬಲೆಂದು ಕೊಂಡ ವಸ್ತುವೇ ಹುರುಪನ್ನು ಕಸಿದದ್ದು ನನಗೆ ಇಂದಿಗೂ ನೋವಿನ ಸಂಗತಿ. ಕಾಯಿಲೆಯ ದಿನಗಳಿಗೆ, ಪ್ರಯಾಣದ ದಿನಗಳಿಗೆ ಲೆಕ್ಕವನ್ನು ತಡೆಹಿಡಿಯುವ ಅವಕಾಶ ಕೊಡಿ ಎಂದು ಕಂಪನಿಗೆ ಎರಡು ಸಲ ಬರೆದೆ; ಸಂಪರ್ಕಿಸಿದ್ದಕ್ಕೆ ಧನ್ಯವಾದ ಎಂಬ ಉತ್ತರ ಎರಡು ಸಲವೂ ಬಂತು.

ನನ್ನನ್ನು ಮತ್ತೆ ರಸ್ತೆಗಿಳಿಸಿದವರು ಬೆಳಗಿನ ದಾರಿಯಲ್ಲಿ ಬಸಳೆ, ಅಳಸಂದೆ ಮಾರುವ ಹಾಲಕ್ಕಿ ಸಮುದಾಯದ ಅಜ್ಜಿ. ಭಾನುವಾರದ ಸಂತೆಯಲ್ಲಿ ಕಂಡವರೇ, “ಅಕ್ಕೋರೆ, ಇಷ್ಟ್ ದಿನ ಕಾಣ್ಲೇ ಇಲ್ಲ, ಹುಷಾರಿರ್ಲಿಲ್ವಾ?” ಎಂದು ಕೇಳಿದರು. ನಾನು ಬಾರದಿದ್ದುದನ್ನು ಒಬ್ಬರು ಗಮನಿಸಿದ್ದಾರೆಂದು ತಿಳಿದು ಕಣ್ಣು ತುಂಬಿತು. ಮರುದಿನವೇ ಹೊರಟೆ.

ಹೆಜ್ಜೆ ಕಾಣೆಯಾಗುವುದರ ಗುಟ್ಟನ್ನು ಬಿಡಿಸಿದವಳು ಶಿರಸಿಯಿಂದ ಬಂದಿದ್ದ ಅಕ್ಕನ ಮಗಳು. “ಚಿಕ್ಕಮ್ಮಾ, ಇದು ಕಾಲನ್ನು ನೋಡುವುದಿಲ್ಲ, ಕೈ ಬೀಸುವುದನ್ನು ಎಣಿಸುತ್ತದೆ. ನೀನು ಪಟ್ಟಿ ಕಟ್ಟಿದ ಕೈಯಲ್ಲೇ ಕೊಡೆ ಹಿಡಿಯುತ್ತೀಯಲ್ಲ!” ಎಂದಳು. ಹೆರೆಮಣೆಯ ಮೇಲೆ ಒಂದು ಕಾಯಿ ಹೆರೆದು ಮುಗಿಸುವಷ್ಟರಲ್ಲಿ ನೂರೈವತ್ತು ಹೆಜ್ಜೆ ಸೇರಿರುತ್ತಿದ್ದುದರ ಅರ್ಥವೂ ಆಗ ತಿಳಿಯಿತು. ಅಂದಿನಿಂದ ಕೊಡೆ ಎಡಗೈಗೆ, ಪಟ್ಟಿ ಬಲಗೈಗೆ. ಕಾಯಿ ಹೆರೆಯುವಾಗ ಬಿಚ್ಚಿಡುತ್ತೇನೆ.

ಅವಳೇ ಓದಿ ಹೇಳಿದ ಇನ್ನೊಂದು ವಿಷಯ ನನ್ನ ಕೋಪವನ್ನು ಸ್ವಲ್ಪ ಇಳಿಸಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೊಸ ರೂಢಿಯೊಂದು ತಾನಾಗಿ ನಡೆಯುವಷ್ಟು ಮೈಗೂಡಲು ಸಾಮಾನ್ಯವಾಗಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, 254 ದಿನ ಬೇಕಾಗಬಹುದೆಂಬ ಅಂದಾಜೂ ಇತ್ತು. ನನಗೆ ಮುಖ್ಯವಾದದ್ದು ಅದರ ಮುಂದಿನ ಮಾತು: ನಡುವೆ ಒಂದು ಸಲ ತಪ್ಪಿದರೆ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ದಿನದ ಸರಪಳಿ ಕೇಳುವುದಿಲ್ಲ. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಸಾಕೆನ್ನುತ್ತದೆ. ಹುಡುಕಿದಾಗ, ವಾರದ ಒಟ್ಟು ನಿಮಿಷ ತೋರಿಸುವ ಪುಟ ಈ ಆ್ಯಪ್‌ನಲ್ಲೂ ಇತ್ತು, ಆದರೆ ನಾಲ್ಕು ಮೆಟ್ಟಿಲು ಒಳಗೆ. ಅದನ್ನು ಮುಂದಕ್ಕೆ ತಂದಿಟ್ಟು ಸತತ ದಿನಗಳ ಅಂಕಿಯನ್ನು ಒಳಗಿಟ್ಟಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು.

ಇಷ್ಟೆಲ್ಲ ಹೇಳಿಯೂ ನಾನಿದನ್ನು ಕೊಳ್ಳಬೇಡಿ ಎನ್ನುವುದಿಲ್ಲ. ಈ ಫೆಬ್ರವರಿಯ ಪರೀಕ್ಷೆಯಲ್ಲಿ 6.1 ಇದ್ದದ್ದು 5.8ಕ್ಕೆ ಇಳಿದಿದೆ, ಅದರಲ್ಲಿ ಗಂಟೆಗೊಮ್ಮೆ ಬರುವ ಆ ಮಿಡಿತದ ಪಾಲು ದೊಡ್ಡದು. ರಬ್ಬರಿನ ಪಟ್ಟಿ ಒಂದೇ ವರ್ಷಕ್ಕೆ ಬಿರುಕುಬಿಟ್ಟು, ಹೊಸದಕ್ಕೆ 250 ರೂಪಾಯಿ ಹೋಯಿತು. ಕೊಳ್ಳುವವರು ಮೊದಲ ದಿನವೇ ಸತತ ದಿನಗಳ ಸೂಚನೆಯನ್ನು ನಿಲ್ಲಿಸಿ, ವಾರದ ಪುಟವನ್ನು ತೆರೆದಿಟ್ಟುಕೊಳ್ಳಲಿ ಎಂಬುದು ನನ್ನ ಕಳಕಳಿಯ ಮಾತು. ಈ ಸಲದ ಮಳೆ ಆರಂಭವಾಗಿದೆ. ಕಳೆದ ವಾರ ಎರಡು ದಿನ ಹೊರಗೆ ಕಾಲಿಡಲಾಗಲಿಲ್ಲ. ಉಳಿದ ಐದು ದಿನಗಳಲ್ಲಿ 171 ನಿಮಿಷ ನಡೆದಿದ್ದೇನೆ.